ಅಟ್ಟದ ಮೇಲಿಟ್ಟ ಸೊಲ್ಯೂಷನ್

೯-೪-೭೯

ಲಾರಿಯ ಎರಡು ಟೈರು ಕೆರೆದು ಮುಗಿಸಿದೆ. ಇನ್ನು ಹೊಸ ರಬ್ಬರ್ ಪಟ್ಟಿ ಅಂಟಿಸಬೇಕು. ಅಂಟಿನ ಸೊಲ್ಯೂಷನ್ ಖಾಲಿ. ಹೊಸ ಡಬ್ಬ ಕೇಳಿದ್ದಕ್ಕೆ ಟೈರ್ ಅಂಗಡಿಯ ಮಾಲೀಕ, ಸಾಹುಕಾರ್ ಏಕಾಂತಯ್ಯನವರು ತಮ್ಮ ಕೊಬ್ಬರಿ ಮಂಡಿಯಿಂದ ಕಳಿಸಿದರು. ಡಬ್ಬ ಬಿಸಿ. ಮೈಯೆಲ್ಲ ಮಸಿ, ತೆಂಗಿನ ನಾರು. ಇಷ್ಟು ದಿನ ಎಲ್ಲಿತ್ತು ಅಂದರೆ — ಅಟ್ಟದ ಮೇಲೆ, ಕಾಯಿಗಳ ಜೊತೆ! ಸೋವಿಯಲ್ಲಿ ಸಿಕ್ಕಿತೆಂದು ಹೋದ ವರ್ಷ ಇಪ್ಪತ್ತು ಡಬ್ಬ ತಂದು ಅಲ್ಲಿಗೇರಿಸಿದ್ದಾರೆ. ಹೆಂಚಿನ ಕೆಳಗೆ ಎರಡು ಬೇಸಿಗೆ.

ಮುಚ್ಚಳ ತೆಗೆದೆ. ಒಡೆದ ಹಾಲಿನ ಹಾಗೆ ಗಂಟು ಗಂಟು. ತಂಪಾದ ಜಾಗದಲ್ಲಿಡಿ, ಆರು ತಿಂಗಳೊಳಗೆ ಬಳಸಿ ಅಂತ ಡಬ್ಬದ ಮೇಲೇ ಅಚ್ಚಾಗಿದೆ. ಓದುವವರು ಯಾರು. ಮೈ ಉರಿದುಹೋಯಿತು.

೧೦-೪

ಮಂಡಿಗೆ ಹೋಗಿ ಹೇಳಿದೆ. ಸಾಹುಕಾರರು ತಲೆ ಎತ್ತಲಿಲ್ಲ.

“ಅಟ್ಟದ ಮೇಲೆ ವರ್ಷ ಇದ್ರೇನೇ ಕಣಯ್ಯ ಕಾಯಿ ಕೊಬ್ಬರಿ ಆಗೋದು. ನಮ್ಮಪ್ಪನ ಕಾಲದಿಂದ ಆ ಅಟ್ಟದಲ್ಲಿ ಒಂದು ಪದಾರ್ಥ ಕೆಟ್ಟಿಲ್ಲ.”

ಸೊಲ್ಯೂಷನ್ ಏನು ತೆಂಗಿನಕಾಯಿಯೇ, ಒಣಗಿ ಗಿಟುಕಾಗಲು? ಪೆಟ್ರೋಲ್ ಬೆರೆಸಿ ಕಲಸಿಕೋ ಅಂದರು. ತೆಳ್ಳಗಾಗುತ್ತದೆ, ಸರಿ. ಹಿಡಿಯುವ ಗುಣ ಎಲ್ಲಿಂದ ಬರಬೇಕು? ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವನಿಗೆ ಪಾಠ! ನಾನು ಅದನ್ನು ಮುಟ್ಟುವುದಿಲ್ಲ ಅಂದು ಎದ್ದು ಬಂದೆ.

೧೬-೪

ಆರು ದಿನ ಮನೆಯಲ್ಲೇ. ಹೆಂಡತಿ ಮೇಲೆ ರೇಗಾಡಿದೆ. ಪಾಪ, ಭೈರಮ್ಮನದೇನು ತಪ್ಪು.

ಇವತ್ತು ಅಂಗಡಿ ಕಡೆ ಹೋದರೆ — ಬಸ್ಸಿನ ಹಿಂದಿನ ನಾಲ್ಕು ಟೈರು ತಯಾರು! ಪಂಕ್ಚರ್ ಹಾಕುವ ಶ್ರೀರಂಗಯ್ಯನ ಕೈಲಿ ಮಾಡಿಸಿದ್ದಾರೆ. ಪೆಟ್ರೋಲ್ ಕಲಸಿದ ಅದೇ ಗಂಟು. ಹುಳಿಯಾರಿಗೆ ಹೋಗುವ ಬಸ್ಸು, ಸಾಹುಕಾರರ ಬೀಗರದು. ಒಳಗೆ ಐವತ್ತು ಜನ, ಟಾಪ್ ಮೇಲೆ ಇನ್ನಷ್ಟು.

ತಡೆಯಲಾಗಲಿಲ್ಲ. ಈಗ ಕಿತ್ತು ಬರುತ್ತದೆ ನೋಡಿ ಅಂತ ಕೂಗಿ, ಎಲ್ಲರ ಮುಂದೆ ಒಂದು ಟೈರಿನ ಅಂಚಿಗೆ ಸಲಾಕಿ ಕೊಟ್ಟು ಮೀಟಿದೆ. ಬರಲಿಲ್ಲ. ಕಾಲು ಕೊಟ್ಟು ಎಳೆದೆ... ಬರಲಿಲ್ಲ. ನಕ್ಕರು. ಶ್ರೀರಂಗಯ್ಯನೂ ನಕ್ಕ, ನನ್ನಿಂದಲೇ ಪಂಕ್ಚರ್ ಹಾಕುವುದನ್ನು ಕಲಿತವನು. ತಣ್ಣಗಿದ್ದಾಗ ಹಿಡಿದಿರುತ್ತದೆ, ರಸ್ತೆಯಲ್ಲಿ ಕಾದ ಮೇಲೆ ಬಿಡುತ್ತದೆ ಅಂದೆ. ಆಗ ಇನ್ನೂ ಜೋರಾಗಿ ನಕ್ಕರು. ಮಾನ ಹೋಯಿತು.

೧೭-೪

ಬಸ್ಸಿನ ಡ್ರೈವರ್ ಗಿಡ್ಡಯ್ಯನಿಗೆ ಹೇಳಿ ನೋಡಿದೆ. “ನಿನ್ ಕೈಲೇ ಕೀಳಕ್ಕಾಗ್ಲಿಲ್ವಂತೆ, ಬುಡ್ಲಾ” ಅಂದ. ಊರಿಗೆಲ್ಲ ಡಂಗುರ ಆಗಿದೆ!

ಬೇರೆ ಅಂಗಡಿ ನೋಡಿಕೊಳ್ಳಿ, ಸುಮ್ಮನಿರಿ ಅನ್ನುತ್ತಾಳೆ ಭೈರಮ್ಮ. ಸುಮ್ಮನಿರಬಹುದು. ಆ ಬಸ್ಸಿಗೆ ದಿನಾ ಜನ ಹತ್ತುತ್ತಾರಲ್ಲ.

೧೯-೪, ಹಗಲು ಹನ್ನೆರಡು

ಆ ಟೈರು ಹಾಕಿಕೊಂಡ ಹುಳಿಯಾರು ಬಸ್ಸಿನಲ್ಲೇ ಇದ್ದೇನೆ. ಟಿಕೆಟ್ ತೆಗೆದುಕೊಂಡು, ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ. ಪಕ್ಕದಲ್ಲಿ ಒಬ್ಬಳು ಬಾಣಂತಿ, ತವರಿನಿಂದ ಗಂಡನ ಮನೆಗೆ. ಕೂಸು ನನ್ನ ತೊಡೆಗೆ ಒದೆಯುತ್ತಿದೆ. ಕುಲುಕಾಟಕ್ಕೆ ಅಕ್ಷರ ಸೊಟ್ಟ. ಕೆಳಗಿನ ಸದ್ದಿಗೇ ಕಿವಿ ಕೊಟ್ಟಿದ್ದೇನೆ. ಇಲ್ಲಿಯವರೆಗೆ ಏನೂ ಇಲ್ಲ. ಏನೂ ಆಗದಿದ್ದರೆ ನಾಳೆ ಮಂಡಿಗೆ ಹೋಗಿ ತಪ್ಪಾಯಿತು ಸ್ವಾಮಿ ಅನ್ನಬೇಕು. ನೆನೆಸಿಕೊಂಡರೇ ಸಿಟ್ಟು ಬರುತ್ತದೆ.

ಒಂದು ಗಂಟೆ, ಚಿಕ್ಕನಾಯಕನಹಳ್ಳಿ ಸ್ಟ್ಯಾಂಡು

ಇಳಿದು ಟೈರು ಮುಟ್ಟಿದೆ. ಅಂಗೈ ಚುರ್ ಅಂತು. ಪಟ್ಟಿಯ ಅಂಚು ಬಾಯಿ ಬಿಟ್ಟಿದೆ. ತೋರುಬೆರಳು ಎರಡು ಗೆಣ್ಣು ಒಳಗೆ ಹೋಯಿತು. ಗಿಡ್ಡಯ್ಯನನ್ನು ಎಳೆದು ತಂದು ತೋರಿಸಿದೆ. ಮುಖ ಕಪ್ಪಿಟ್ಟಿತು. ಆದರೂ ಹುಳಿಯಾರು ಮುಟ್ಟಿಸಿ ಬಿಚ್ಚಿಸೋಣ, ನಿಂತರೆ ಮಾಲೀಕರು ಕೆಲಸದಿಂದ ತೆಗೀತಾರೆ ಅನ್ನುತ್ತಾನೆ. ಇನ್ನೂ ಒಂದು ಗಂಟೆ ದಾರಿ, ಈ ಬಿಸಿಲಲ್ಲಿ!

ಚಕ್ರದ ಮುಂದೆ ನೆಲದ ಮೇಲೆ ಕೂತಿದ್ದೇನೆ. ಜನ ಬೈಯುತ್ತಿದ್ದಾರೆ, ಹೊತ್ತಾಯಿತಂತೆ. ಬಾಣಂತಿಯೂ ಬೈದಳು. ಬೈಯಲಿ. ಕಂಡಕ್ಟರ್ ರಟ್ಟೆ ಹಿಡಿದು ಎಳೆದ, ಕೊಡವಿದೆ.

“ನಾನು ಏಳಾಕಿಲ್ಲ ಕಣ್ಲಾ ಗಿಡ್ಡಯ್ಯ. ಹತ್ತಿಸ್ಕೊಂಡೇ ಹೋಗು.”

ಎಂಜಿನ್ ಸ್ಟಾರ್ಟ್ ಮಾಡಿದ್ದಾನೆ. ಹಾರ್ನ್ ಮೇಲೆ ಹಾರ್ನ್. ಬರೆಯದಿದ್ದರೆ ಎದ್ದುಬಿಡುತ್ತೇನೆ...

ಎಂಜಿನ್ ನಿಂತಿತು. ಗಿಡ್ಡಯ್ಯ ಇಳಿದ. ಕೈಯಲ್ಲಿ ಜಾಕು. ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಚಕ್ರ ಬಿಚ್ಚಲು ಜಾಕು ಕೊಡುತ್ತಿದ್ದಾನೆ.