ಐಪೆರಿಗೆ ಹದಿನೆಂಟು ತುಂಬಿತು

ನರಿನ್, ಮಾರ್ಚ್ ೧೪, ಗುರುವಾರ

ಲೆಕ್ಕ ವಿಭಾಗದ ಗುಲ್‌ಬಾರಾ ಹೇಳಿದ್ದು ಇನ್ನೂ ಕೊರೆಯುತ್ತಿದೆ. “ಎರ್ಮೆಕ್ ಅಣ್ಣ, ಮಗಳಿಗೆ ಹದಿನೆಂಟು ತುಂಬ್ತಲ್ಲ, ಈ ತಿಂಗಳಿಂದ ನಿಮ್ಮ ಸಂಬಳದಲ್ಲಿ ಜೀವನಾಂಶ ಹಿಡಿಯಲ್ಲ. ಎಲ್ರಿಗೂ ಸಮ್ಸಾ ಕೊಡಿಸಿ.”

ಕೊಡಿಸಿದೆ. ನನ್ನ ಪಾಲಿನ, ಮಾಂಸ ತುಂಬಿದ ಬಿಸಿ ಸಮ್ಸಾವನ್ನು ಮಾತ್ರ ಕಾಗದದಲ್ಲಿ ಸುತ್ತಿಟ್ಟೆ.

ವಿಚ್ಛೇದನವಾಗಿ ಹನ್ನೊಂದು ವರ್ಷ. ಐಪೆರಿಯನ್ನು ಅವಳಮ್ಮ ದೂರದ ದಕ್ಷಿಣದ ಓಶ್ ನಗರಕ್ಕೆ ಕರೆದೊಯ್ದ ಮೇಲೆ ನಮ್ಮಿಬ್ಬರ ನಡುವೆ ಉಳಿದಿದ್ದು ಆ ಕಡಿತವೊಂದೇ. ಸಂಬಳದ ಚೀಟಿಯಲ್ಲಿ ಮೊದಲು ಅದನ್ನೇ ಹುಡುಕುತ್ತಿದ್ದೆ.

ಮಧ್ಯಾಹ್ನ ವಕೀಲೆಯ ಬಳಿ ಹೋಗಿ, ಇನ್ನು ಮುಂದೆಯೂ ದುಡ್ಡು ಕಳಿಸಬಹುದೇ ಎಂದು ಕೇಳಿದೆ.

“ನಿಲ್ಸೋದು ಹೇಗೆ ಅಂತ ಕೇಳೋರೇ ಇಲ್ಲಿಗೆ ಬರೋದು,” ಎಂದರು. “ಕಳಿಸಿ, ಕಾನೂನು ಬೇಡ ಅನ್ನಲ್ಲ. ಆದ್ರೆ ಅವಳೀಗ ದೊಡ್ಡವಳು, ಅವಳನ್ನೇ ಕೇಳಿ.”

“ನೋಡೋದಕ್ಕೆ?”

“ಅದಕ್ಕೂ ಅವಳು ಒಪ್ಪಿದ್ರೆ ಸಾಕು. ಚಿಕ್ಕವಳಿದ್ದಾಗ್ಲೂ ನೋಡೋ ಹಕ್ಕು ನಿಮಗಿತ್ತು. ಅದು ಬೇರೆ, ಜೀವನಾಂಶ ಬೇರೆ. ಕೋರ್ಟಿಗೆ ಅರ್ಜಿ ಹಾಕ್ಲಿಲ್ವಾ?”

ಹಾಕಿರಲಿಲ್ಲ. ದುಡ್ಡು ಕೊಡುವುದಷ್ಟೇ ನನ್ನ ಪಾಲಿಗೆ ಬಂದದ್ದು ಎಂದುಕೊಂಡಿದ್ದೆ.

ಐಪೆರಿಯ ಚಿಕ್ಕಮ್ಮನಿಂದ ನಂಬರು ಪಡೆದು ಸಂಜೆ ಅವಳಿಗೆ ಫೋನ್ ಮಾಡಿದೆ. “ಯಾರು?” ಎಂದಳು. ಥೇಟ್ ನನ್ನಮ್ಮನ ದನಿ. ಅಪ್ಪ ಎನ್ನಲು ನಾಲಿಗೆ ಏಳದೆ ಹೆಸರು ಹೇಳಿದೆ.

“ದುಡ್ಡಿನ ವಿಷಯಾನಾ?” ಎಂದಳು.

“ಅಲ್ಲ.”

“ಹಾಗಾದ್ರೆ ಹೇಳಿ.”

ಇಷ್ಟು ವರ್ಷ ಕೂಡಿಟ್ಟ ಮಾತುಗಳನ್ನೆಲ್ಲ ಬಿಟ್ಟು, ನರಿನ್‌ನಲ್ಲಿ ಇನ್ನೂ ಹಿಮ ಕರಗಿಲ್ಲ ಎಂದೆ. ಫೋನ್ ಇಟ್ಟುಬಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ.

“ಇಲ್ಲಿ ಏಪ್ರಿಕಾಟ್ ಹೂ ಬಿಟ್ಟಿದೆ,” ಎಂದಳು.