ಅವ್ವನ ಸೂಜಿ ಮತ್ತು ನಮ್ಮ ತೂಬಿನ ಬೀಗ

ಜವಳಗೇರಾ ಕಡೆಯ ಕಾಲುವೆಗೆ ನೀರು ಬಿಡುವ, ನಿಲ್ಲಿಸುವ ಮಾನ್ಯ ಸಾಹೇಬರೇ,

ನಮ್ಮ ಪಾಳಿಯ ನೀರನ್ನು ಪಕ್ಕದ ಹೊಲದ ಬಾಬುಸಾಬ್ ಕಾಕಾ ಬಳಸಿದರು, ಅವರ ಪಾಳಿಯದನ್ನು ನಾವು ಬಳಸಿದೆವೆಂದು ತಾವು ಎರಡೂ ತೂಬಿಗೆ ಬೀಗ ಜಡಿಸಿದ್ದೀರಿ. ಕಳ್ಳತನ ಅಂದಿರಂತೆ. ಒಬ್ಬರನ್ನೊಬ್ಬರು ಕೇಳಿ, ಕೂತು ಚಹಾ ಕುಡಿದು ಮಾಡಿದ ಕಳ್ಳತನ ಈ ಜಿಲ್ಲೆಯಲ್ಲಿ ಇದೇ ಮೊದಲಿರಬೇಕು. ಈ ಪತ್ರವನ್ನು ಕಚೇರಿಗೆ ಕೊಟ್ಟರೆ ತಾವೊಬ್ಬರೇ ಓದುತ್ತೀರಿ, ಅದಕ್ಕೇ ಚಹಾದಂಗಡಿಯ ಗೋಡೆಗೂ ಒಂದನ್ನು ಅಂಟಿಸಿದ್ದೇನೆ.

ನಮ್ಮವ್ವ ಯಮನೂರಮ್ಮನಿಗೆ ಕ್ಯಾನ್ಸರ್. ಹೈದರಾಬಾದಿನಲ್ಲಿ ಸೂಜಿ ಹಾಕಿಸುತ್ತಿದ್ದೇವೆ. ಆ ಊರಿನ ದಾರಿ ತೋರಿಸಲು ನಾನು ಜೊತೆಗೆ ಬೇಕು. ಅಪ್ಪ ಪಕ್ಕದಲ್ಲಿಲ್ಲದೆ ಅವ್ವ ಸೂಜಿಗೆ ಕೈ ಚಾಚುವುದಿಲ್ಲ. ಸೂಜಿಯ ದಿನ ಗುರುವಾರ, ನಮ್ಮ ಪಾಳಿಯೂ ಗುರುವಾರ. ಆ ನೀರನ್ನು ಕಾಕಾ ತಗೊಂಡು, ತಮ್ಮ ಸೋಮವಾರವನ್ನು ನಮಗೆ ಕೊಟ್ಟರು. ಆದರೆ ಆಸ್ಪತ್ರೆಯಲ್ಲಿ ಅವ್ವನ ರಕ್ತ ನೋಡಿ, ಬಿಳಿ ಕಣ ಇಳಿದಿವೆ, ಈಗ ಮೈ ಸೂಜಿ ತಡೆಯೋದಿಲ್ಲ, ಸೋಮವಾರ ಬನ್ನಿ ಎಂದರು.

"ರಕ್ತಾನೂ ರಜಾ ಹಾಕೇತೇನ್ರಿ ಡಾಕ್ಟರ್ ಸಾಬ್ರ?" ಅಂತ ಅವ್ವ ಕೇಳಿದಳು. ಡಾಕ್ಟರೂ ನಕ್ಕರು.

ತಲೆಗೂದಲು ಉದುರಿದೆ, ಬಾಯಿ ತುಂಬ ಹುಣ್ಣು, ಆದರೂ ಮಂಚದ ಮೇಲಿಂದಲೇ ಮನೆ ನಡೆಸುತ್ತಾಳೆ. ಅಪ್ಪ ಬಡಿದ ರೊಟ್ಟಿ ನೋಡಿ, "ಇದೇನ್ ರೊಟ್ಟಿನೋ, ಒಡ್ಡು ಒಡದ ಹೊಲಾನೋ?" ಅಂದಳು.

"ಮೊದ್ಲ ತಿಂದು ರಕ್ತ ಮಾಡ್ಕೊ. ಆಮ್ಯಾಲ ತಕರಾರು ಮಾಡು," ಅಂದ ಅಪ್ಪ.

ಸೋಮವಾರ ನಾವು ಮೂವರೂ ಮತ್ತೆ ಹೋದೆವು. ನಮ್ಮ ಗದ್ದೆಗೆ ನೀರು ಹಾಯಿಸಲು ಕಾಕಾ ತಾವೇ ನಿಂತರು. ತಾವು ಜೀಪಿನಲ್ಲಿ ಬಂದದ್ದು ಆವಾಗಲೇ.

"ಪಾಳಿ ಯಾರದು?"

"ನಂದ್ರಿ ಸಾಹೇಬ್ರ."

"ಹೊಲ?"

"ದ್ಯಾವಪ್ಪಂದ್ರಿ. ಅವನ ಹೇಂತಿ ಸೂಜಿ ಮುಂದ ಹೋಗೇತ್ರಿ, ಅದಕ್ಕ."

"ಸೂಜಿ ಮುಂದಕ್ಕೆ ಹೋದರೆ ನೀರಿನ ಕಾಯಿದೆಯೂ ಮುಂದಕ್ಕೆ ಹೋಗಬೇಕೇನು?" ಅಂದಿರಂತೆ. ತನ್ನ ಹೊಲ ಬಿಟ್ಟು ತನ್ನ ನೀರನ್ನೇ ಮಂದಿಯ ಹೊಲಕ್ಕೆ ಕದಿಯುವ ಕಳ್ಳನನ್ನು ಹಿಡಿದ ತಮಗೆ ಸರ್ಕಾರ ಬಡ್ತಿ ಕೊಡಲೇಬೇಕು!

ಆ ದಿನವೂ ರಕ್ತದ ಕಣ ಏರಿರಲಿಲ್ಲ. ಬರುವ ಗುರುವಾರ ಬನ್ನಿ ಎಂದು ಕಳಿಸಿದರು. ಬಂದು ನೋಡಿದರೆ ಬೀಗ. ಅವ್ವ ಒಂದೇ ಮಾತು ಅಂದಳು: "ನಾಲ್ಕು ಮಂದಿ ನಾಟಿ ಮಾಡಿದ್ದನ್ನ ಒಣಗಿಸಿ ನಾ ಸೂಜಿ ಹಾಕಿಸ್ಕೊಳ್ಳಾಂಗಿಲ್ಲ. ನೀರು ಬಂದ್ರ ಬಸ್ ಹತ್ತೀನಿ, ಇಲ್ಲಾಂದ್ರ ಇಲ್ಲ." ನಮ್ಮವ್ವ ಹೇಳಿದರೆ ಹೇಳಿದ್ದೇ. ಡಾಕ್ಟರು ಹೇಳಿದರು, ಈ ಸಲವೂ ತಪ್ಪಿದರೆ ಇಲ್ಲಿಯವರೆಗೆ ಹಾಕಿದ್ದೂ ವ್ಯರ್ಥವಾದೀತು ಎಂದು. ಎರಡು ಹೊಲದವರು ಒಪ್ಪಿ ಪಾಳಿ ಬದಲಿಸಿದರೆ ಕಾಲುವೆಯಲ್ಲಿ ಒಂದು ಬೊಗಸೆಯಾದರೂ ಹೆಚ್ಚು ಖರ್ಚಾಗುತ್ತದೆಯೇ? ರೋಗ ತಮ್ಮ ಅಪ್ಪಣೆ ಪಡೆದು ಬರಬೇಕೇ?

ಆದ್ದರಿಂದ ಬುಧವಾರ ಸಂಜೆಯೊಳಗೆ ಎರಡೂ ಬೀಗ ತೆಗೆಸಿರಿ. ತೂಬು ಕಾಯುವವನ ಎದುರಿಗೆ ಹೇಳಿ ಪಾಳಿ ಬದಲಿಸಿಕೊಳ್ಳಲು ಬೇನೆ ಬಿದ್ದ ಮನೆಯವರಿಗೆಲ್ಲ ಅವಕಾಶ ಕೊಡಿರಿ. ಗುರುವಾರ ಆಸ್ಪತ್ರೆಯವರು ಮತ್ತೆ ವಾಪಸು ಕಳಿಸಿದರೂ ನಾವು ಮತ್ತೆ ಹೋಗುತ್ತೇವೆ, ಕಾಕಾ ಮತ್ತೆ ಪಾಳಿ ಬಿಟ್ಟುಕೊಡುತ್ತಾರೆ. ಅವ್ವನನ್ನು ಬಸ್ಸು ಹತ್ತಿಸುವ ಕೀಲಿ ಮಾತ್ರ ತಮ್ಮ ಜೇಬಿನಲ್ಲಿದೆ.

ಇಂತಿ,
ಕಾಲುವೆಯ ದಂಡೆಯ ಮೇಲೆ ಒಣ ಕಾಲಲ್ಲಿ ನಿಂತಿರುವ,
ದ್ಯಾವಪ್ಪನ ಮಗ ಪಂಪಣ್ಣ