ಸೇತುವೆ ದಾಟುವುದಿಲ್ಲ ಎಂದು ಬರೆದ ಓದುಗ

ಮಂಗಳವಾರ, ಮಧ್ಯಾಹ್ನ
ಹಗ್ಗದಂಗಳದ ಕಟ್ಟೆಯ ಮೇಲಿಂದ

ನನ್ನ ಬುಗುರಿಗೆ,

ಮೊದಲು ಏನಾದರೂ ತಿನ್ನು, ಆಮೇಲೆ ಓದು ಎಂದು ಅಮ್ಮ ಮಾಡುವ ಆಶೀರ್ವಾದ.

ನೀನು ಫೋನು ಎತ್ತುತ್ತಿಲ್ಲ. ಎತ್ತದಿದ್ದರೆ ಬೇಡ. ನಿನ್ನ ಹಠ ನನಗೇನು ಹೊಸದೇ, ಹೆತ್ತವಳು ನಾನೇ ತಾನೇ. ಫೋನಾದರೆ ಗುಂಡಿ ಒತ್ತಿ ನನ್ನ ಬಾಯಿ ಮುಚ್ಚಿಸಿಬಿಡಬಹುದು, ಕಾಗದದ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ. ನಮ್ಮ ಹಗ್ಗದ ಹೊರೆ ಒಯ್ಯುವ ಲಾರಿ ಇವತ್ತು ನಿನ್ನ ಲಾಡ್ಜಿನ ಮುಂದಿನ ರಸ್ತೆಯಲ್ಲೇ ಹೋಗುತ್ತದೆ. ಇದನ್ನು ಅದರಲ್ಲೇ ಕಳಿಸುತ್ತೇನೆ.

ನಿನ್ನೆ ನಿನ್ನ ಸೈಕಲ್ ಗೆಳತಿ ಫೋನು ಮಾಡಿ ಎಲ್ಲ ಹೇಳಿದಳು. ಅಷ್ಟು ದೂರ ಹಿಂದುಹಿಂದಕ್ಕೆ ನಡೆದು, ಹೊಳೆಯ ಸೇತುವೆಯ ತನಕ ಬಂದು, ಭಾನುವಾರದ ಪತ್ರಿಕೆ ಓದಿ ಕೋಣೆ ಸೇರಿದವಳು ಮತ್ತೆ ಷೂ ಮುಟ್ಟಿಲ್ಲವಂತೆ. ಸೇತುವೆ ದಾಟಿದರೆ ಆಚೆ ದಡದ ಊರು, ಅಲ್ಲಿಗೆ ನಿನ್ನ ನಡಿಗೆ ಮುಗಿಯಿತು. ಈಗ ಬಸ್ಸು ಹತ್ತಿ ವಾಪಸು ಹೋಗೋಣ ಎನ್ನುತ್ತೀಯಂತೆ. "ನೀವೇ ಏನಾದ್ರೂ ಹೇಳಿ ಅಮ್ಮ, ನನ್ನ ಮಾತು ಕಿವಿಗೇ ಹಾಕ್ಕೊಳ್ತಿಲ್ಲ" ಎಂದಳು. ಪಾಪ, ದಾರಿಯುದ್ದಕ್ಕೂ ಸೈಕಲ್ಲಿನಲ್ಲಿ ನಿನ್ನ ಬೆನ್ನಿಗೆ ಕಣ್ಣಾಗಿ, ಗುಂಡಿ ಬಂದಲ್ಲೆಲ್ಲ ಸೀಟಿ ಊದಿಕೊಂಡು ಬಂದವಳು. ಅವಳನ್ನು ಅಳಿಸಬೇಡ.

ಅಳುವ ಮಾತು ಆಮೇಲೆ ಆಡೋಣ. ಮೊದಲು ನಗುವ ಮಾತು.

ನಮ್ಮ ಮನೆಯಲ್ಲಿ ಭಾನುವಾರವೆಂದರೆ ಪತ್ರಿಕೆಯ 'ಮೂಗಿನ ಮೇಲೆ ಬೆರಳು' ಪುಟ. ನಾನು ಗಟ್ಟಿಯಾಗಿ ಓದುವುದು, ನಿಮ್ಮಪ್ಪ ರಾಟೆ ತಿರುಗಿಸುತ್ತ ತಮ್ಮ ಷರಾ ಸೇರಿಸುವುದು, ನೀನು ಸೊಂಟಕ್ಕೆ ನಾರು ಕಟ್ಟಿಕೊಂಡು ಎಳೆ ಬಿಡುತ್ತ ಹಿಂದೆ ಸರಿಯುತ್ತ ನಗುವುದು. ಆಕ್ಟೋಪಸ್ಸಿಗೆ ಮೂರು ಹೃದಯವಂತೆ ಎಂದು ಓದಿದ ದಿನ ನಿಮ್ಮಪ್ಪ, "ಹಾಗಾದ್ರೆ ಅದು ಮದುವೆ ಆಗ್ಬಾರ್ದು, ತಡ್ಕೊಳ್ಳೋಕಾಗಲ್ಲ" ಎಂದಿದ್ದರು. ನೀನು ಅಂಗಳದ ಆ ತುದಿಯಿಂದ, "ಎಂಟು ತೋಳಿದೆಯಲ್ಲಾ, ನಮ್ಮಲ್ಲಿ ಕೆಲಸಕ್ಕೆ ಕರೀರಿ" ಎಂದು ಕೂಗಿದ್ದೆ. ಉಗುರು ಕತ್ತರಿಸದೆ ಮೊಳಗಟ್ಟಲೆ ಬೆಳೆಸಿದವನ ಸುದ್ದಿಗೆ ಅವರ ಷರಾ ಕೇಳು: "ಬೆನ್ನು ಕೆರೆಯೋಕೆ ಅವನಿಗೆ ಯಾರೂ ಬೇಡ, ಮಿಕ್ಕಿದ್ದಕ್ಕೆಲ್ಲ ಯಾರಾದ್ರೂ ಬೇಕು." ಹೀಗೆ ಊರವರ ವಿಚಿತ್ರವನ್ನೆಲ್ಲ ನಕ್ಕು ಮುಗಿಸಿದವರು ನಾವು. ಒಂದು ಭಾನುವಾರ ಅದೇ ಪುಟದಲ್ಲಿ ನಿನ್ನದೇ ಫೋಟೋ ಬಂದರೆ ಏನು ಮಾಡಬೇಕು, ಹೇಳು! 'ಹಿಂದಕ್ಕೇ ನಡೆದು ನಾಡು ದಾಟುತ್ತಿರುವ ಯುವತಿ' ಎಂಬ ತಲೆಬರಹ ಗಟ್ಟಿಯಾಗಿ ಓದಿ, ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡೆ. ನಿಮ್ಮಪ್ಪ ರಾಟೆ ತಿರುಗಿಸುತ್ತಲೇ ಇದ್ದರು. ಅವತ್ತು ಆ ಎಳೆಗೆ ಹುರಿ ಎಷ್ಟು ಜಾಸ್ತಿ ಬಿತ್ತೆಂದರೆ ಅದು ಹಗ್ಗವಾಗುವ ಬದಲು ಗಂಟಾಯಿತು.

ಅದರ ಮುಂದಿನ ಭಾನುವಾರ, ಅಂದರೆ ಮೊನ್ನೆ, ಓದುಗರ ಪ್ರತಿಕ್ರಿಯೆಗಳು ಬಂದವು. ನಾನಂತೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆ ನಿವೃತ್ತ ಗುಮಾಸ್ತರು ಬರೆದದ್ದು ನೋಡಿದೆಯಾ? ಅವರ ಕಚೇರಿಯ ಕಡತಗಳು ಇಷ್ಟು ವರ್ಷದಿಂದ ಹಿಂದಕ್ಕೇ ನಡೆಯುತ್ತಿದ್ದರೂ ಒಬ್ಬರೂ ಫೋಟೋ ಹಾಕಲಿಲ್ಲವಂತೆ. ಒಬ್ಬ ಗೃಹಿಣಿ, ಪಾತ್ರೆ ತೊಳೆಯಲು ಕರೆದರೆ ತನ್ನ ಗಂಡ ಅಡುಗೆಮನೆಯಿಂದ ಹೀಗೇ ಸರಿದುಹೋಗುತ್ತಾನೆ, ಈ ಹುಡುಗಿಯೊಂದಿಗೆ ಸ್ಪರ್ಧೆಗೆ ಬಿಡಲು ತಯಾರು ಎಂದಿದ್ದಾಳೆ. ಹಿಂದಕ್ಕೆ ಹಾರಬಲ್ಲ ಪುಟ್ಟ ಹಕ್ಕಿಯೊಂದಿದೆ, ಅದು ನಿನಗೆ ತಂಗಿಯಾಗಬೇಕು ಎಂದು ಒಬ್ಬ ಮೇಷ್ಟರು ಸಂಬಂಧ ಹೇಳಿದ್ದಾರೆ. ಕನ್ನಡಿ ಅಂಗಡಿಯವನೊಬ್ಬ ಹಣೆಗೆ ಕಟ್ಟಿಕೊಳ್ಳುವ ಕನ್ನಡಿ ಬಿಟ್ಟಿ ಕೊಡುತ್ತಾನಂತೆ, ಅದರ ಮೇಲೆ ಅವನ ಅಂಗಡಿಯ ಹೆಸರಿರುತ್ತದಂತೆ. ಬಲು ಜಾಣ! ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಪುಟ್ಟ ಹುಡುಗಿಯ ಪ್ರಶ್ನೆ. ಹಿಂದಕ್ಕೆ ನಡೆದೂ ನಡೆದೂ ಅಕ್ಕ ಊರು ಮುಟ್ಟುವಷ್ಟರಲ್ಲಿ ಚಿಕ್ಕವಳಾಗಿಬಿಡುತ್ತಾಳಾ ಎಂದು ಕೇಳಿದ್ದಾಳೆ. ಆಗಿಬಿಡು ಮಗಳೇ, ನನಗೇನೂ ಅಭ್ಯಂತರವಿಲ್ಲ. ನಿನ್ನ ಹಳೆಯ ಫ್ರಾಕುಗಳು ಇನ್ನೂ ಪೆಟ್ಟಿಗೆಯಲ್ಲಿವೆ.

ಇಷ್ಟೆಲ್ಲ ನಗುವಿನ ನಡುವೆ ನಿನ್ನ ಕಣ್ಣಿಗೆ ಬಿದ್ದದ್ದು ನಾನು ಗಮನಿಸದೇ ಬಿಟ್ಟ, ಮೂಲೆಯ ಆ ಒಂದೇ ಒಂದು ಸಾಲು. 'ಈ ಹುಡುಗಿ ಸೇತುವೆ ದಾಟುವುದಿಲ್ಲ. ಎಡಗಾಲಿನಲ್ಲಿ ಕಸುವಿಲ್ಲ. ಬರೆದಿಟ್ಟುಕೊಳ್ಳಿ.' ಕೆಳಗೆ ಹೆಸರೂ ಇಲ್ಲ, ಬರೀ 'ಒಬ್ಬ ಓದುಗ'. ಕುಂಟುವುದು ಫೋಟೋದಲ್ಲೂ ಕಾಣುತ್ತಿದೆ, ಇಷ್ಟು ದಿನ ಜನ ಅದನ್ನೇ ನೋಡುತ್ತ ನಿಂತಿದ್ದರು ಎಂದು ನೀನು ಅತ್ತೆಯಂತೆ. ನಿನಗೆ ಆ ಕಾಲಿನ ಮಾತು ಎಷ್ಟು ನೋಯುತ್ತದೆಂದು ನನಗೆ ಗೊತ್ತಿಲ್ಲವೇ?

ಆದರೆ ಒಂದು ಮಾತು. ನಾನು ಆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಅದರಲ್ಲಿ ನಿನ್ನ ಕಾಲೇ ಇಲ್ಲ! ಮೊಣಕಾಲಿನಿಂದ ಕೆಳಗೆ ಕತ್ತರಿಸಿ ಜಾಹೀರಾತು ಹಾಕಿದ್ದಾರೆ. ನಡೆಯುವಾಗಲೂ ನೀನೀಗ ಕುಂಟುವುದಿಲ್ಲ, ಅದು ಬರೀ ನಿನ್ನ ಭ್ರಮೆ. ಹೀಗಿರುವಾಗ ಎಡಗಾಲಿನ ಸಂಗತಿ ಆ ಓದುಗನಿಗೆ ಯಾರು ಹೇಳಿದರು? ಅದು ಮುರಿದಾಗ ನೀನಿನ್ನೂ ಶಾಲೆಗೆ ಸೇರಿರಲಿಲ್ಲ. ಹೊರೆಗಳ ಮೇಲೆ ಹತ್ತಿ ಕುಣಿಯುತ್ತಿದ್ದವಳು ಕೆಳಗೆ ಬಿದ್ದೆ. ನಿನ್ನನ್ನು ಬಿಟ್ಟರೆ ಅದು ಗೊತ್ತಿರುವುದು ಮೂಳೆ ಕೂಡಿಸಿದ ಡಾಕ್ಟರಿಗೆ, ನನಗೆ, ಇನ್ನೊಬ್ಬರಿಗೆ. ಡಾಕ್ಟರು ತೀರಿಕೊಂಡು ಬಹಳ ಕಾಲವಾಯಿತು.

ನಿನ್ನ ಗೆಳತಿ ಫೋನಿನಲ್ಲಿ ಆ ಸಾಲು ಓದಿದಾಗ ಸ್ಪೀಕರು ಹಾಕಿದ್ದೆ. ನಿಮ್ಮಪ್ಪ ಪಕ್ಕದಲ್ಲೇ ರಾಟೆಗೆ ಎಣ್ಣೆ ಬಿಡುತ್ತಿದ್ದರು. ನಾನು, "ಯಾರಪ್ಪಾ ಆ ಕಟುಕ, ಅವನ ಕೈ ಸೇದಿಹೋಗ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಅವರು ತಮ್ಮ ಬಲಗೈ ನೋಡಿಕೊಂಡರು. ಎಣ್ಣೆಯೆಲ್ಲ ನೆಲದ ಪಾಲು. ನನಗೆ ಅರ್ಥವಾಗಿಹೋಯಿತು.

ಬುಗುರಿ, ಅದನ್ನು ಬರೆದದ್ದು ನಿಮ್ಮಪ್ಪ.

ಕೋಪ ಮಾಡಿಕೊಂಡು ಕಾಗದ ಹರಿಯಬೇಡ, ಪೂರ್ತಿ ಓದು. ಈ ಮನುಷ್ಯ ತಾನು ಹೊಸೆದ ಒಳ್ಳೆಯ ಹಗ್ಗವನ್ನು ಯಾವತ್ತಾದರೂ ಹೊಗಳಿದ್ದು ಕೇಳಿದ್ದೀಯಾ? ಹೊಗಳಿದರೆ ಹಗ್ಗ ಹಿಗ್ಗುತ್ತದೆ, ಹಿಗ್ಗಿದರೆ ಸಡಿಲವಾಗುತ್ತದೆ ಎನ್ನುವುದು ಅವರ ವೇದಾಂತ. ಹಡಗು ಕಟ್ಟುವ ಹಗ್ಗ ಹೊಸೆದು, ಕೊಳ್ಳುವವನ ಎದುರಿಗೇ, "ಇದ್ರಲ್ಲಿ ಬೆಕ್ಕು ಕಟ್ಟಿದ್ರೂ ನಿಲ್ಲಲ್ಲ" ಎನ್ನುತ್ತಾರೆ. ಕಳಪೆ ಹಗ್ಗಕ್ಕೆ ಮಾತ್ರ "ಪರವಾಗಿಲ್ಲ" ಎನ್ನುತ್ತಾರೆ. ಗೊತ್ತಿರುವ ಗಿರಾಕಿಗಳು ಬೈಗುಳ ಕೇಳಿಯೇ ಹಗ್ಗ ಆರಿಸಿಕೊಳ್ಳುತ್ತಾರೆ. ನಿನಗೂ ಅದೆಲ್ಲ ಗೊತ್ತು. ಬೈದವರು ಅವರೆಂದು ಗೊತ್ತಿರಲಿಲ್ಲ, ಅಷ್ಟೇ.

ಅವರು ಕೊನೆಗೆ ಬಾಯಿ ಬಿಟ್ಟದ್ದು ಹೀಗೆ: "ಪೇಪರಲ್ಲಿ ಫೋಟೋ ಬಂತು. ಎಷ್ಟು ಕಣ್ಣು ಬಿದ್ದಿರತ್ತೆ. ಎಲ್ರೂ ಹೊಗಳಿದ್ರೆ ಮಗು ಹೇಗೆ ದಾಟತ್ತೆ? ಯಾರಾದ್ರೂ ಒಬ್ರು ಬೈಬೇಕಲ್ಲ." ಹೆಸರು ಹಾಕಿದರೆ ಬೈಗುಳ ಫಲಿಸುವುದಿಲ್ಲವೆಂದು ಹಾಕಲಿಲ್ಲವಂತೆ. ಆಸ್ತಿ ಪತ್ರಕ್ಕೂ ನನ್ನ ಕೈಲಿ ಬರೆಸಿ ಬರೀ ಸಹಿ ಹಾಕುವ ಮನುಷ್ಯ, ಅಂಚೆ ಕಚೇರಿಯಲ್ಲಿ ನಿಂತು, ಯಾರದೋ ಪೆನ್ನು ಕೇಳಿ ಪಡೆದು ಬರೆದಿದ್ದಾರೆ. ನಾನು ನಗಲೋ ಅಳಲೋ ತಿಳಿಯದೆ ಎರಡನ್ನೂ ಮಾಡಿದೆ. ನಿನ್ನೆಯಿಂದ ಅವರಿಗೆ ಊಟ ಸೇರುತ್ತಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದರೆ ಅದನ್ನೂ ಉಣ್ಣುತ್ತಿಲ್ಲ.

ನೀನು ಹೊರಟ ದಿನ ಅವರು ಗೇಟಿನ ತನಕ ಬರಲಿಲ್ಲ, ಒಂದು ಮಾತೂ ಆಡಲಿಲ್ಲ ಎಂಬ ನೋವು ನಿನಗಿದೆ. ನೀನು ಹೇಳದಿದ್ದರೂ ನನಗೆ ಗೊತ್ತು. ಆದರೆ ನಿನಗೆ ಈ ನಡಿಗೆ ಕಲಿಸಿದ್ದು ಯಾರು? ಬ್ಯಾಂಡೇಜು ಬಿಚ್ಚಿದ ಮೇಲೆ ಎರಡು ಹೆಜ್ಜೆ ಇಟ್ಟು ಕೂತು ಅಳುತ್ತಿದ್ದೆ. ಎದುರಿಗೆ ಅಂಗಳ ಅಷ್ಟುದ್ದ ಕಂಡು ಹೆದರುತ್ತಿದ್ದೆ. ಆಗ ಅವರು ನಿನ್ನ ಸೊಂಟಕ್ಕೆ ನಾರು ಕಟ್ಟಿ, ಎಳೆಯ ತುದಿಯನ್ನು ರಾಟೆಗೆ ಸಿಕ್ಕಿಸಿ, "ದಾರಿ ನೋಡ್ಬೇಡ, ನನ್ನ ಮುಖ ನೋಡು, ಹಿಂದೆ ಹೋಗ್ತಾ ಇರು" ಎಂದರು. ನೀನು ಅವರ ಮುಖವನ್ನೇ ನೋಡುತ್ತ ಗೋಡೆ ಮುಟ್ಟಿದೆ. ಬೆನ್ನಿಗೆ ಗೋಡೆ ತಗುಲಿದಾಗ ನಿನಗಾದ ಆಶ್ಚರ್ಯ! ಅವತ್ತು ಡಾಕ್ಟರ ಹತ್ತಿರ ನಿಮ್ಮಪ್ಪ ಹೇಳಿದ್ದೇನು ಗೊತ್ತೇ? "ಇದು ನಡೆಯೋ ಮಗು ಅಲ್ಲ ಡಾಕ್ಟ್ರೇ." ಹೇಳುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಡಾಕ್ಟರು ತಬ್ಬಿಬ್ಬಾಗಿ ನನ್ನ ಮುಖ ನೋಡಿದರು.

ನಾನು ನಿನಗೆ ದಾಟು ಎಂದು ಹೇಳುವುದಿಲ್ಲ. ಕಾಲು ನಿಜವಾಗಿ ನೋಯುತ್ತಿದ್ದರೆ ಬಸ್ಸು ಹತ್ತಿ ಬಾ, ಬಿಸಿನೀರು ಕಾಯಿಸಿಟ್ಟಿರುತ್ತೇನೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಜಗತ್ತಿನಲ್ಲಿ ಹೆಚ್ಚಿನವರು ಮುಂದಕ್ಕೆ ನಡೆದೇ ಎಲ್ಲೂ ತಲುಪಿಲ್ಲ. ಆದರೆ ಆ ಸಾಲಿನಿಂದ ಮನಸ್ಸು ಮುರಿದು ನಿಂತಿದ್ದರೆ ನಿಲ್ಲಬೇಡ. ಅಷ್ಟೊಂದು ಜನ ಓದುಗರ ನಡುವೆ ನೀನು ದಾಟಲೇಬೇಕು ಎಂದು ಉಸಿರು ಬಿಗಿಹಿಡಿದು ಬರೆದವರು ಅವರೊಬ್ಬರೇ.

ಗೆಳತಿಗೆ ನನ್ನ ಪ್ರೀತಿ ಹೇಳು. ಅವಳ ಸೀಟಿಯ ಸದ್ದು ಫೋನಿನಲ್ಲೇ ಕೇಳಿ ನನ್ನ ಕಿವಿ ತೂತಾಗಿದೆ.

ನಿನ್ನ ಪಾದಗಳ ಯೋಚನೆಯಲ್ಲೇ ಇರುವ,
ಅಮ್ಮ

ಮರೆತ ಮಾತು: ಇದನ್ನು ಮಡಿಸುವಷ್ಟರಲ್ಲಿ ನಿಮ್ಮಪ್ಪ ಒಗೆದ ಅಂಗಿ ಹಾಕಿಕೊಂಡು ಬಂದು ನಿಂತಿದ್ದಾರೆ. ಡ್ರೈವರ್ ಪಕ್ಕದ ಸೀಟು ಖಾಲಿ ಇದೆಯಂತೆ, ಹೊರೆ ಸರಿಯಾಗಿ ಇಳಿಸುತ್ತಾರೋ ಇಲ್ಲವೋ ನೋಡಿಬರಬೇಕಂತೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊರೆಯ ಹಿಂದೆ ಹೋದವರಲ್ಲ. ಈ ಕಾಗದವನ್ನು ಮೇಲಕ್ಕೆ ಡ್ರೈವರ್ ತಂದುಕೊಟ್ಟನಲ್ಲವೇ? ಹಾಗಾದರೆ ಅವರು ಕೆಳಗೇ ಉಳಿದಿದ್ದಾರೆ, ಮೆಟ್ಟಿಲು ಹತ್ತಲು ಧೈರ್ಯ ಸಾಲದೆ. ಕಿಟಕಿ ತೆಗೆದು ನೋಡು. ಅವರು ಕರೆಯಲಿ ಎಂದು ಕಾಯಬೇಡ ಮಗಳೇ, ಅವರಿಗೆ ಬರುವುದಿಲ್ಲ. ನೀನೇ ಕರೆ.